ಜರ್ಮನಿಯ ಅರಸು ಮನೆತನಗಳು ಮತ್ತು ಅವರ ವಂಶಸ್ಥರು: ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿಯ ಹಳೆಯ ಅರಸರ ಬಗ್ಗೆ ಮಾತು ತೆಗೆದರೆ ಸಾಕು, ಕೆಲವು ಪ್ರಶ್ನೆಗಳು ಬಂದೇ ಬರುತ್ತವೆ. ಊಟಕ್ಕೆ ಕೂತಾಗ ಕೇಳಿದವರಿದ್ದಾರೆ, ಉದ್ದದ ಪತ್ರ ಬರೆದು ಕೇಳಿದವರೂ ಇದ್ದಾರೆ. ಅವನ್ನೆಲ್ಲ ಕೇಳಿದವರ ಮಾತಿನಲ್ಲೇ ಇಲ್ಲಿ ಕೂಡಿಸಿದ್ದೇನೆ. ಮೊದಲು ಸುಲಭದವು, ಆಮೇಲೆ ಸ್ವಲ್ಪ ಆಳದವು. ಯಾವುದನ್ನು ಬೇಕಾದರೂ ನೇರವಾಗಿ ಓದಬಹುದು.

ನನಗೆ ಈ ವಿಷಯ ಹಿಡಿಸಿದ್ದು ಕಿರೀಟ, ಕೋಟೆಗಳಿಂದಲ್ಲ. ಒಂದು ನಾಡು ಮನೆತನದ ಸ್ವಂತ ಆಸ್ತಿಯೋ, ಅಲ್ಲಿನ ಜನರದ್ದೋ ಅನ್ನುವ ಜಗಳ ಅಲ್ಲಿ ನೂರಾರು ವರ್ಷ ನಡೆಯಿತು. ಅದರ ಕೊನೆಯ ಕಂತು ನಮ್ಮ ಕಣ್ಣೆದುರೇ ನಡೆದಿದೆ.

## ಮೊದಲು ತಿಳಿಯಬೇಕಾದದ್ದು

ಜರ್ಮನಿಯಲ್ಲಿ ಈಗಲೂ ರಾಜರು ಇದ್ದಾರಾ?

ಇಲ್ಲ. 1918ರ ನವೆಂಬರ್‌ನಲ್ಲಿ ಅಲ್ಲಿನ ಅರಸೊತ್ತಿಗೆ ಪೂರ್ತಿ ಮುಗಿಯಿತು. ಈಗ ಜರ್ಮನಿ ಗಣರಾಜ್ಯ. ಹಳೆಯ ಮನೆತನದವರು ಎಲ್ಲರ ಹಾಗೆ ತೆರಿಗೆ ಕಟ್ಟುವ, ಮತ ಹಾಕುವ ನಾಗರಿಕರು. ಕೆಲವರ ಹತ್ತಿರ ಕಾಡು, ಕೋಟೆ, ದ್ರಾಕ್ಷಿ ತೋಟ ಉಳಿದಿದೆ. ಇನ್ನು ಕೆಲವರಿಗೆ ಉಳಿದಿರುವುದು ಉದ್ದದ ಹೆಸರು ಮಾತ್ರ.

ಜರ್ಮನ್ ಚಕ್ರವರ್ತಿ ಅಂದ್ರೆ ಕೈಸರ್ ಒಬ್ಬನೇ ಅಲ್ವಾ? ಒಂದು ದೇಶಕ್ಕೆ ಅಷ್ಟೊಂದು ರಾಜರು ಹೇಗೆ?

ಒಂದೇ ದೇಶ ಅನ್ನುವುದು ಬಹಳ ತಡವಾಗಿ ಬಂತು. ಅದಕ್ಕೆ ಮೊದಲು ಅಲ್ಲಿದ್ದದ್ದು ಪವಿತ್ರ ರೋಮನ್ ಸಾಮ್ರಾಜ್ಯ. ಮೇಲೆ ಒಬ್ಬ ಚಕ್ರವರ್ತಿ, ಕೆಳಗೆ ಮುನ್ನೂರರ ಆಸುಪಾಸು ಸಂಸ್ಥಾನಗಳು. ದೊಡ್ಡ ರಾಜ್ಯಗಳಿದ್ದವು, ಬಿಷಪ್ಪರು ಆಳುವ ಸೀಮೆಗಳಿದ್ದವು, ತಮ್ಮನ್ನು ತಾವೇ ಆಳಿಕೊಳ್ಳುವ ನಗರಗಳೂ ಇದ್ದವು. ಒಂದು ಕೋಟೆ, ನಾಲ್ಕಾರು ಹಳ್ಳಿ ಅಷ್ಟೇ ಇದ್ದ ದೊರೆಗಳೂ ಇದ್ದರು.

ಇಷ್ಟು ಚೂರಾಗಲು ದೊಡ್ಡ ಕಾರಣ ಪಾಲು. ನಮ್ಮಲ್ಲಿ ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ ಅವರು ರಾಜ್ಯವನ್ನೇ ಹಂಚಿಕೊಳ್ಳುತ್ತಿದ್ದರು. ಹೆಸ್ಸೆಯ ಫಿಲಿಪ್ 1567ರಲ್ಲಿ ತೀರಿಕೊಂಡಾಗ ನಾಲ್ಕು ಗಂಡುಮಕ್ಕಳಿಗೆ ನಾಡು ನಾಲ್ಕು ಪಾಲಾಯಿತು: ಕಾಸೆಲ್, ಮಾರ್ಬುರ್ಗ್, ರೈನ್‌ಫೆಲ್ಸ್, ಡಾರ್ಮ್‌ಸ್ಟಾಟ್. ಸ್ಯಾಕ್ಸನಿಯ ವೆಟಿನ್ ಮನೆತನದ ಅಣ್ಣತಮ್ಮಂದಿರು 1485ರಲ್ಲೇ ಬೇರೆಯಾಗಿದ್ದರು. ಅದರಲ್ಲಿ ಎರ್ನೆಸ್ಟೈನ್ ಕವಲು ಮುಂದೆಯೂ ಒಡೆಯುತ್ತಲೇ ಹೋಯಿತು. ವೈಮಾರ್, ಗೋಟಾ, ಕೋಬರ್ಗ್, ಮೈನಿಂಗನ್, ಆಲ್ಟೆನ್‌ಬರ್ಗ್ ಎಲ್ಲ ಆ ಒಂದೇ ಮನೆಯ ಪಾಲುಗಳು. ಹಿರಿಯ ಮಗನಿಗೇ ಎಲ್ಲ ಅನ್ನುವ ನಿಯಮವನ್ನು ಒಂದೊಂದು ಮನೆ ಒಂದೊಂದು ಕಾಲಕ್ಕೆ ತಂದುಕೊಂಡಿತು. ಯಾರು ಬೇಗ ತಂದರೋ ಅವರು ಬೆಳೆದರು.

ನೆಪೋಲಿಯನ್ ಕಾಲದಲ್ಲಿ ಈ ಚೂರುಗಳನ್ನು ಗುಡಿಸಿ ಒಟ್ಟು ಮಾಡಿದ ಹಾಗಾಯಿತು. 1803ರಲ್ಲಿ ಬಿಷಪ್ಪರ ಸೀಮೆಗಳು ಹೋದವು. 1806ರ ಆಗಸ್ಟ್ 6ರಂದು ಸಾಮ್ರಾಜ್ಯವೇ ಮುಗಿಯಿತು. ಹತ್ತಾರು ಸಣ್ಣ ದೊರೆಗಳ ಸೀಮೆ ಪಕ್ಕದ ದೊಡ್ಡ ದೊರೆಯ ಕೈಗೆ ಹೋಯಿತು. ಪದವಿ, ಸ್ವಂತ ಆಸ್ತಿ ಉಳಿಯಿತು, ಆಳ್ವಿಕೆ ಹೋಯಿತು.

1871ರಲ್ಲಿ ಜರ್ಮನ್ ಸಾಮ್ರಾಜ್ಯ ಹುಟ್ಟಿದಾಗ ಅದರಲ್ಲಿ 25 ರಾಜ್ಯಗಳಿದ್ದವು. ನಾಲ್ಕಕ್ಕೆ ರಾಜರು, ಆರಕ್ಕೆ ಗ್ರ್ಯಾಂಡ್ ಡ್ಯೂಕ್, ಐದಕ್ಕೆ ಡ್ಯೂಕ್, ಏಳಕ್ಕೆ ಫ್ಯೂರ್ಸ್ಟ್. ಉಳಿದ ಮೂರು ಹ್ಯಾಂಬರ್ಗ್, ಬ್ರೆಮೆನ್, ಲ್ಯೂಬೆಕ್ ನಗರಗಳು. ಕೈಸರ್ ಈ ಎಲ್ಲರ ಮೇಲಿದ್ದವನು, ಜೊತೆಗೆ ಪ್ರಷ್ಯಾದ ರಾಜ.

ಫ್ಯೂರ್ಸ್ಟ್ ಅಂದ್ರೆ ಯಾರು? ಪ್ರಿನ್ಸ್ ಅಂದ್ರೆ ರಾಜನ ಮಗ ತಾನೆ?

ಇಂಗ್ಲಿಷ್ ಮೂಲಕ ಓದುವವರೆಲ್ಲ ಎಡವುವ ಜಾಗ ಇದು. ಜರ್ಮನ್‌ನಲ್ಲಿ ಪ್ರಿನ್ಸ್ ಅಂದರೆ ಅರಸು ಮನೆಯ ಮಗ. ಫ್ಯೂರ್ಸ್ಟ್ ಅಂದರೆ ತಾನೇ ಮನೆಯ ಯಜಮಾನ, ಸಣ್ಣದೋ ದೊಡ್ಡದೋ ಒಂದು ಸೀಮೆಯ ಒಡೆಯ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಇರುವುದರಿಂದ ಅಪ್ಪ, ಮಗ ಯಾರು ಅನ್ನುವುದೇ ಗೊಂದಲವಾಗುತ್ತದೆ. ಕನ್ನಡದಲ್ಲಿ ನಮಗೆ ದೊರೆ, ರಾಜಕುಮಾರ ಅಂತ ಬೇರೆ ಬೇರೆ ಪದ ಇದೆ. ಅದನ್ನೇ ಬಳಸುವುದು ಒಳ್ಳೆಯದು.

ಇನ್ನೊಂದು ಮುಖ್ಯ ಪದವಿ ಕೂರ್‌ಫ್ಯೂರ್ಸ್ಟ್. ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ದೊರೆ. 1356ರ ಚಿನ್ನದ ಮುದ್ರೆಯ ಶಾಸನ ಏಳು ಜನರಿಗೆ ಈ ಹಕ್ಕನ್ನು ಖಾಯಂ ಮಾಡಿತು. ಮೂವರು ಆರ್ಚ್‌ಬಿಷಪ್ಪರು, ನಾಲ್ವರು ಅರಸರು. ಗ್ರಾಫ್ ಅಂದರೆ ಕೌಂಟ್, ಅದು ಇವರಿಗಿಂತ ಕೆಳಗಿನ ಮೆಟ್ಟಿಲು.

ನೆನಪಿಟ್ಟುಕೊಳ್ಳೋಕೆ ನಾಲ್ಕೈದು ಮನೆತನ ಹೇಳಿ, ಸಾಕು.

ಪ್ರಷ್ಯಾದ ಹೋಹೆನ್‌ಜೋಲೆರ್ನ್. ಮೂಲ ನೈಋತ್ಯ ಜರ್ಮನಿಯ ಒಂದು ಗುಡ್ಡದ ಕೋಟೆ. 1415ರಲ್ಲಿ ಬ್ರಾಂಡೆನ್‌ಬುರ್ಗ್ ಸಿಕ್ಕಿತು, 1701ರಲ್ಲಿ ರಾಜಪದವಿ, 1871ರಲ್ಲಿ ಕೈಸರ್ ಪಟ್ಟ. ಬವೇರಿಯಾದ ವಿಟೆಲ್ಸ್‌ಬಾಖ್ 1180ರಿಂದ 1918ರವರೆಗೆ ಒಂದೇ ನಾಡನ್ನು ಆಳಿದ ಮನೆ. ಸ್ಯಾಕ್ಸನಿ ಕಡೆಯ ವೆಟಿನ್ ಬಗ್ಗೆ ಮೇಲೆ ಹೇಳಿದೆ. ಹ್ಯಾನೋವರ್‌ನ ವೆಲ್ಫ್ ಮನೆಯವರು ಬ್ರಿಟನ್ನಿನ ರಾಜರಾದರು. ಉತ್ತರದ ಓಲ್ಡೆನ್‌ಬುರ್ಗ್ ಮನೆಯ ಕವಲುಗಳು ಡೆನ್ಮಾರ್ಕ್, ನಾರ್ವೆ, ಗ್ರೀಸ್ ಸಿಂಹಾಸನ ಹತ್ತಿದವು. ಈ ಐದು ಗೊತ್ತಿದ್ದರೆ ಮಿಕ್ಕವರನ್ನು ಇವರ ಬೀಗರು ಅಂತಲೋ ದಾಯಾದಿಗಳು ಅಂತಲೋ ಜೋಡಿಸಿಕೊಳ್ಳಬಹುದು.

ನಮ್ಮ ಕಿಟೆಲ್, ಮೋಗ್ಲಿಂಗ್ ಜರ್ಮನ್ನರು ಅಂತಾರೆ. ಅವರು ಯಾವ ರಾಜನ ಪ್ರಜೆಗಳು?

ಈ ಪ್ರಶ್ನೆ ಕೇಳಿದವರಿಗೆ ನಾನು ಋಣಿ. ಅವರು ಹುಟ್ಟಿದಾಗ ಜರ್ಮನಿ ಅನ್ನುವ ಒಂದು ದೇಶವೇ ಇರಲಿಲ್ಲ.

'ಮಂಗಳೂರು ಸಮಾಚಾರ' ತಂದ ಹರ್ಮನ್ ಮೋಗ್ಲಿಂಗ್ 1811ರಲ್ಲಿ ಹುಟ್ಟಿದ್ದು ಬ್ರಾಕೆನ್‌ಹೈಮ್‌ನಲ್ಲಿ. ಅದು ವ್ಯುರ್ಟೆಂಬರ್ಗ್ ರಾಜ್ಯ. ಅಲ್ಲಿನ ದೊರೆ ನೆಪೋಲಿಯನ್ನನ ಜೊತೆ ನಿಂತು 1806ರಲ್ಲಷ್ಟೇ ರಾಜನಾಗಿದ್ದ. ನಿಘಂಟಿನ ಫರ್ಡಿನಾಂಡ್ ಕಿಟೆಲ್ 1832ರಲ್ಲಿ ಉತ್ತರದ ಈಸ್ಟ್ ಫ್ರಿಸಿಯಾ ಸೀಮೆಯ ರೆಸ್ಟರ್‌ಹಾಫೆಯಲ್ಲಿ ಹುಟ್ಟಿದರು. ಅದು ಆಗ ಹ್ಯಾನೋವರ್ ರಾಜ್ಯದಲ್ಲಿತ್ತು. ಹ್ಯಾನೋವರ್‌ನ ರಾಜ ಯಾರು ಗೊತ್ತಾ? ಬ್ರಿಟನ್ನಿನ ರಾಜ ನಾಲ್ಕನೇ ವಿಲಿಯಂ. 1866ರಲ್ಲಿ ಪ್ರಷ್ಯಾ ಆ ರಾಜ್ಯವನ್ನೇ ನುಂಗಿತು. 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾಗಿ ಬರುವ ಹೊತ್ತಿಗೆ ಅವರು ಹುಟ್ಟಿದ ರಾಜ್ಯ ನಕ್ಷೆಯಲ್ಲಿ ಇರಲಿಲ್ಲ. ಕನ್ನಡದ ಪದಗಳನ್ನು ಒಂದೊಂದಾಗಿ ಕೂಡಿಡುತ್ತಿದ್ದ ಮನುಷ್ಯನ ತವರು ರಾಜ್ಯವೇ ಮಾಯವಾಯಿತು ಅನ್ನುವುದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಒಂದು ಮನೆಯಲ್ಲಿ ಎಲ್ಲ ಗಂಡಸರಿಗೂ ಹೈನ್ರಿಕ್ ಅಂತ ಹೆಸರಂತೆ. ನಿಜವಾ?

ನಿಜ. ಥುರಿಂಗಿಯಾದ ರಾಯ್ಸ್ ಮನೆತನ. ಹಳೆಯ ಚಕ್ರವರ್ತಿ ಆರನೇ ಹೈನ್ರಿಕ್‌ನ ಗೌರವಕ್ಕೆ ಈ ಪದ್ಧತಿ ಅಂತ ಆ ಮನೆಯ ನಂಬಿಕೆ. ಆಳಿದವನಿಗೆ ಮಾತ್ರ ಅಂಕಿ ಅಲ್ಲ, ಹುಟ್ಟಿದ ಪ್ರತಿ ಗಂಡುಮಗುವಿಗೂ ಅಂಕಿ. ಹಿರಿಯ ಕವಲಿನವರು ನೂರರ ತನಕ ಎಣಿಸಿ ಮತ್ತೆ ಒಂದರಿಂದ ಶುರು ಮಾಡುವ ಲೆಕ್ಕ ಇಟ್ಟುಕೊಂಡರು. ಕಿರಿಯ ಕವಲಿನವರು ಶತಮಾನ ಬದಲಾದಾಗ ಮತ್ತೆ ಒಂದಕ್ಕೆ ಬರುತ್ತಾರೆ. ಹಾಗಾಗಿ 72ನೇ ಹೈನ್ರಿಕ್ ಅಂತ ಒಬ್ಬ ದೊರೆಯೇ ಇದ್ದ. 1848ರ ಗಲಭೆಯಲ್ಲಿ ಪಟ್ಟ ಬಿಟ್ಟ. ಎರಡು ಕವಲಿನ ದಾಖಲೆ ಓದುವಾಗ ಅಂಕಿಯ ಜೊತೆ ಹುಟ್ಟಿದ ವರ್ಷವನ್ನೂ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ತಾತ ಮೊಮ್ಮಗ ಅದಲುಬದಲಾಗುತ್ತಾರೆ.

## ಮದುವೆ, ಬೀಗತನ, ಸೈನ್ಯ

ಇಂಗ್ಲೆಂಡಿನ ರಾಜಮನೆತನ ನಿಜವಾಗಿ ಜರ್ಮನ್ ಅಂತಾರಲ್ಲ, ಹೌದಾ?

ಗಂಡು ಸಂತತಿಯ ಲೆಕ್ಕದಲ್ಲಿ ಹೌದು, ಅದೂ ಮೂರು ಸಲ. 1701ರ ಕಾಯ್ದೆ ಕ್ಯಾಥೊಲಿಕ್ಕರಿಗೆ ಪಟ್ಟ ಇಲ್ಲ ಅಂದಿತು. ಹಾಗಾಗಿ ಐವತ್ತಕ್ಕೂ ಹೆಚ್ಚು ಹತ್ತಿರದ ನೆಂಟರನ್ನು ದಾಟಿ 1714ರಲ್ಲಿ ಪಟ್ಟ ಹ್ಯಾನೋವರ್‌ನ ಜಾರ್ಜ್‌ಗೆ ಬಂತು. ಅಲ್ಲಿಂದ 123 ವರ್ಷ ಎರಡೂ ನಾಡಿಗೆ ಒಬ್ಬನೇ ರಾಜ. 1837ರಲ್ಲಿ ವಿಕ್ಟೋರಿಯಾ ಪಟ್ಟಕ್ಕೆ ಬಂದಾಗ ಈ ಜೋಡಿ ಮುರಿಯಿತು. ಹ್ಯಾನೋವರ್‌ನಲ್ಲಿ ಹೆಣ್ಣಿಗೆ ಪಟ್ಟ ಇರಲಿಲ್ಲ, ಅದು ಅವಳ ಚಿಕ್ಕಪ್ಪನಿಗೆ ಹೋಯಿತು.

ಎರಡನೆಯದು ವಿಕ್ಟೋರಿಯಾಳ ಗಂಡ ಆಲ್ಬರ್ಟ್. ಸ್ಯಾಕ್ಸ್-ಕೋಬರ್ಗ್-ಗೋಟಾ ಮನೆಯವನು. ಅವರ ಮಕ್ಕಳ ಮನೆತನದ ಹೆಸರೂ ಅದೇ ಆಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಹೆಸರು ಕೇಳಿದರೆ ಜನ ಸಿಟ್ಟಾಗುತ್ತಿದ್ದರು. 1917ರ ಜುಲೈ 17ರಂದು ಐದನೇ ಜಾರ್ಜ್ ಆ ಹೆಸರು ಬಿಟ್ಟು ವಿಂಡ್ಸರ್ ಅಂತ ಇಟ್ಟುಕೊಂಡ. ಎದುರು ಪಾಳಯದ ಕೈಸರ್ ಅವನಿಗೆ ಸ್ವಂತ ಸೋದರ ಸಂಬಂಧಿ, ಇಬ್ಬರೂ ವಿಕ್ಟೋರಿಯಾಳ ಮೊಮ್ಮಕ್ಕಳು.

ಮೂರನೆಯವನು ಫಿಲಿಪ್, ಎರಡನೇ ಎಲಿಜಬೆತ್‌ಳ ಗಂಡ. ಗ್ರೀಸ್‌ನ ರಾಜಕುಮಾರ ಅಂದರೂ ಮನೆತನ ಓಲ್ಡೆನ್‌ಬುರ್ಗ್‌ನ ಗ್ಲ್ಯುಕ್ಸ್‌ಬುರ್ಗ್ ಕವಲು. ಆದರೆ ಮುನ್ನೂರು ವರ್ಷ ಒಂದು ನಾಡಿನಲ್ಲಿ ಹುಟ್ಟಿ ಬೆಳೆದವರನ್ನು ಬೇರೆಯವರು ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಮೂಲ ಒಂದು, ಮನೆ ಇನ್ನೊಂದು.

ಸಣ್ಣ ಊರಿನ ದೊರೆ ಮಕ್ಕಳಿಗೆ ಅಷ್ಟು ದೊಡ್ಡ ಸಿಂಹಾಸನಗಳು ಹೇಗೆ ಸಿಕ್ಕವು?

ಸಣ್ಣವರು ಅನ್ನುವುದೇ ಅವರಿಗೆ ಅನುಕೂಲವಾಯಿತು. ಫ್ರಾನ್ಸಿನ ಅಥವಾ ಆಸ್ಟ್ರಿಯಾದ ರಾಜಕುಮಾರನನ್ನು ತಂದು ಕೂರಿಸಿದರೆ ಉಳಿದ ದೊಡ್ಡ ದೇಶಗಳು ಸುಮ್ಮನಿರುವುದಿಲ್ಲ. ಕೋಬರ್ಗ್‌ನ ಹುಡುಗನಾದರೆ ಯಾರಿಗೂ ಭಯವಿಲ್ಲ. ರಕ್ತ ಅರಸು ಮನೆಯದು, ಬೆನ್ನ ಹಿಂದೆ ಸೈನ್ಯವಿಲ್ಲ.

ಹೀಗೆ ಕೋಬರ್ಗ್‌ನ ಲಿಯೊಪೋಲ್ಡ್ 1831ರಲ್ಲಿ ಬೆಲ್ಜಿಯಂನ ಮೊದಲ ರಾಜನಾದ. ಆ ಮನೆಯ ಇನ್ನೊಬ್ಬ ಪೋರ್ಚುಗಲ್‌ನ ರಾಣಿಯನ್ನು ಮದುವೆಯಾದ. ಮತ್ತೊಬ್ಬ 1887ರಲ್ಲಿ ಬಲ್ಗೇರಿಯಾಕ್ಕೆ ಹೋದ. ಈ ಬಲ್ಗೇರಿಯಾದವನ ಮೊಮ್ಮಗ ಸಿಮಿಯೋನ್ ಆರನೇ ವಯಸ್ಸಿಗೆ ರಾಜನಾಗಿ, ಮೂರು ವರ್ಷಕ್ಕೆ ದೇಶ ಬಿಟ್ಟ. ಮುಂದೆ 2001ರಲ್ಲಿ ಚುನಾವಣೆ ಗೆದ್ದು ಅದೇ ದೇಶದ ಪ್ರಧಾನಿಯಾದ. ಇಂಥ ಬದುಕು ಇನ್ನೊಬ್ಬರದ್ದು ಹುಡುಕುವುದು ಕಷ್ಟ.

ಹೆಣ್ಣುಮಕ್ಕಳಲ್ಲಿ ಎಲ್ಲರಿಗೂ ಗೊತ್ತಿರುವವಳು ಆನ್‌ಹಾಲ್ಟ್-ಸೆರ್ಬ್‌ಸ್ಟ್‌ನ ಸೋಫಿ. ಅಪ್ಪ ಸಣ್ಣ ಸೀಮೆಯ ದೊರೆ, ಹೊಟ್ಟೆಪಾಡಿಗೆ ಪ್ರಷ್ಯಾದ ಸೈನ್ಯದಲ್ಲಿ ಸೇನಾಧಿಕಾರಿ. ಹದಿನಾಲ್ಕನೇ ವಯಸ್ಸಿಗೆ ಅವಳನ್ನು ರಷ್ಯಾಕ್ಕೆ ಕಳಿಸಿದರು. ಅಲ್ಲಿ ಭಾಷೆ ಕಲಿತಳು, ಧರ್ಮ ಬದಲಿಸಿದಳು, ಹೆಸರೂ ಬದಲಾಯಿತು. 1762ರಲ್ಲಿ ಗಂಡನನ್ನೇ ಪಟ್ಟದಿಂದ ಇಳಿಸಿ ತಾನು ಕೂತಳು. ಅವಳೇ ಮಹಾ ಕ್ಯಾಥರೀನ್.

ನಮ್ಮ ಕೊನೆಯ ವೈಸ್‌ರಾಯ್ ಮೌಂಟ್‌ಬ್ಯಾಟನ್ ಜರ್ಮನ್ ಮನೆತನದವರಾ?

ಹೌದು. ಈ ಕಥೆ ಶುರುವಾಗುವುದು ಒಂದು ಪ್ರೇಮದಿಂದ. ಹೆಸ್ಸೆಯ ರಾಜಕುಮಾರ ಅಲೆಕ್ಸಾಂಡರ್ ತನ್ನ ತಂಗಿಯ ಪರಿವಾರದಲ್ಲಿದ್ದ ಜೂಲಿಯಾ ಹೌಕೆ ಎಂಬ ಹೆಣ್ಣನ್ನು 1851ರಲ್ಲಿ ಮದುವೆಯಾದ. ಅವಳು ಅರಸು ಮನೆಯವಳಲ್ಲ. ಜರ್ಮನ್ ಮನೆಗಳಲ್ಲಿ ಸರಿಸಮಾನರ ಮದುವೆ ಅನ್ನುವುದು ಬಿಗಿಯಾದ ನಿಯಮ. ಅದನ್ನು ಮೀರಿದರೆ ಎಡಗೈ ಮದುವೆ ಅನ್ನುತ್ತಿದ್ದರು. ಮದುವೆ ಧರ್ಮಕ್ಕೆ, ಕಾನೂನಿಗೆ ಸರಿ. ಆದರೆ ಹೆಂಡತಿಗೆ ಗಂಡನ ಪದವಿ ಇಲ್ಲ, ಮಕ್ಕಳಿಗೆ ಪಟ್ಟದ ಹಕ್ಕಿಲ್ಲ. ಅವಳಿಗೆ ಬ್ಯಾಟನ್‌ಬರ್ಗ್ ಎಂಬ ಸಣ್ಣ ಊರಿನ ಹೆಸರಿನ ಪದವಿ ಕೊಟ್ಟರು.

ಅವರ ಮಗ ಲೂಯಿ ಹದಿನಾಲ್ಕಕ್ಕೇ ಬ್ರಿಟಿಷ್ ನೌಕಾಪಡೆ ಸೇರಿ ಅದರ ಮುಖ್ಯಸ್ಥನಾಗುವ ತನಕ ಬೆಳೆದ. 1914ರಲ್ಲಿ ಯುದ್ಧ ಬಂತು. ಜರ್ಮನ್ ಹೆಸರಿನವನು ನಮ್ಮ ಹಡಗುಗಳನ್ನು ನಡೆಸುವುದೇ ಅಂತ ಜನ ಕೂಗಿದರು. ನಲವತ್ತಕ್ಕೂ ಹೆಚ್ಚು ವರ್ಷದ ಸೇವೆ ಲೆಕ್ಕಕ್ಕೆ ಬರಲಿಲ್ಲ, ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟ. 1917ರಲ್ಲಿ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿದರು. ಬರ್ಗ್ ಅಂದರೆ ಬೆಟ್ಟ, ಹಾಗಾಗಿ ಮೌಂಟ್‌ಬ್ಯಾಟನ್. ಆಗ ಹದಿನೇಳು ವರ್ಷದವನಾಗಿದ್ದ ಕಿರಿಯ ಮಗ 1947ರಲ್ಲಿ ದೆಹಲಿಗೆ ಬಂದ. ಅದೇ ಲೂಯಿಯ ಮಗಳ ಮಗ ಫಿಲಿಪ್. ಎಡಗೈ ಮದುವೆ ಅಂತ ಪಕ್ಕಕ್ಕಿಟ್ಟ ಸಂತತಿ ಈಗ ಬ್ರಿಟನ್ನಿನ ಸಿಂಹಾಸನದಲ್ಲಿದೆ.

ಜರ್ಮನ್ ದೊರೆಗಳು ತಮ್ಮ ಜನರನ್ನೇ ಸೈನಿಕರಾಗಿ ಬಾಡಿಗೆಗೆ ಕೊಟ್ಟರು ಅಂತ ಓದಿದೆ. ಮೈಸೂರಿನ ಮೇಲೆ ಯುದ್ಧಕ್ಕೂ ಬಂದಿದ್ದರಾ?

ಎರಡೂ ನಿಜ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟನ್ ಪರ ಸುಮಾರು 30,000 ಜರ್ಮನ್ ಸೈನಿಕರು ಹೋದರು. ಅರ್ಧಕ್ಕಿಂತ ಹೆಚ್ಚು ಜನ ಹೆಸ್ಸೆ-ಕಾಸೆಲ್ ಒಂದರಿಂದಲೇ. ದುಡ್ಡು ದೊರೆಯ ಖಜಾನೆಗೆ ಬಂತು. ಹೋದವರಲ್ಲಿ ಸಾವಿರಾರು ಜನ ವಾಪಸ್ ಬರಲಿಲ್ಲ. ನಾಡು ಮನೆತನದ ಆಸ್ತಿ ಅನ್ನುವ ಯೋಚನೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದಕ್ಕೆ ಇದಕ್ಕಿಂತ ಕಹಿ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ಕಡೆಗೆ ಬಂದವರು ಹ್ಯಾನೋವರ್‌ನವರು. ಮೂರನೇ ಜಾರ್ಜ್ ಬ್ರಿಟನ್ನಿನ ರಾಜ, ಹ್ಯಾನೋವರ್‌ಗೂ ಒಡೆಯ. ಈಸ್ಟ್ ಇಂಡಿಯಾ ಕಂಪನಿಯ ಸಂಬಳಕ್ಕೆ ಅಲ್ಲಿ ಎರಡು ಪಡೆ ಕಟ್ಟಿ ಮದ್ರಾಸಿಗೆ ಕಳಿಸಿದರು. ಅವರು 1782ರಿಂದ ಹತ್ತು ವರ್ಷ ಇಲ್ಲಿದ್ದರು. ಎರಡನೇ ಮೈಸೂರು ಯುದ್ಧದ ಕಾಲ ಅದು. 1783ರಲ್ಲಿ ಕಡಲೂರಿನಲ್ಲಿ ಫ್ರೆಂಚರು ಮತ್ತು ಅವರ ಜೊತೆಗಿದ್ದ ಮೈಸೂರು ಪಡೆಯ ಎದುರು ಇವರು ಕಾದಾಡಿದರು.

## 1918 ಮತ್ತು ಆಮೇಲೆ

ಒಂದೇ ತಿಂಗಳಲ್ಲಿ 22 ಸಿಂಹಾಸನ ಬಿದ್ದದ್ದು ಹೇಗೆ? ರಕ್ತಪಾತ ಆಗಲಿಲ್ವಾ?

ಬೀದಿಗಳಲ್ಲಿ ಸಾವುಗಳಾದವು. ಆದರೆ ಒಬ್ಬ ಜರ್ಮನ್ ದೊರೆಯನ್ನೂ ಕೊಲ್ಲಲಿಲ್ಲ. ಅದೇ ವರ್ಷ ಜುಲೈನಲ್ಲಿ ರಷ್ಯಾದ ಝಾರ್ ಮನೆಯವರನ್ನೆಲ್ಲ ಗುಂಡಿಟ್ಟು ಕೊಂದಿದ್ದರು ಅಂತ ನೆನೆದರೆ ಇದು ದೊಡ್ಡ ಮಾತು.

ಮೊದಲು ಬಿದ್ದದ್ದು ಬಹಳ ಹಳೆಯ ಮನೆಗಳಲ್ಲಿ ಒಂದು. ನವೆಂಬರ್ 7ರ ರಾತ್ರಿ ಬವೇರಿಯಾದ ಮೂರನೇ ಲುಡ್ವಿಗ್ ಮ್ಯೂನಿಕ್ ಬಿಟ್ಟು ಓಡಿದ. 9ರಂದು ಬರ್ಲಿನ್‌ನಲ್ಲಿ ಕೈಸರ್ ಇಳಿದ ಅಂತ ಚಾನ್ಸೆಲರ್ ಸಾರಿಬಿಟ್ಟರು. ಕೈಸರ್ ಆಗ ಬೆಲ್ಜಿಯಂನ ಸ್ಪಾದಲ್ಲಿದ್ದ, ಒಪ್ಪಿಗೆ ಕೊಟ್ಟೇ ಇರಲಿಲ್ಲ. ಮರುದಿನ ನೆದರ್‌ಲ್ಯಾಂಡ್ಸ್ ಸೇರಿದ. ಕಾಗದಕ್ಕೆ ಸಹಿ ಹಾಕಿದ್ದು 28ಕ್ಕೆ. 1941ರಲ್ಲಿ ಅಲ್ಲೇ ಡೋರ್ನ್‌ನಲ್ಲಿ ತೀರಿಕೊಂಡ, ಮತ್ತೆ ಜರ್ಮನಿ ನೋಡಲಿಲ್ಲ. ಉಳಿದವರೂ ತಿಂಗಳು ಮುಗಿಯುವ ಹೊತ್ತಿಗೆ ಒಬ್ಬೊಬ್ಬರಾಗಿ ಪಟ್ಟ ಕಳೆದುಕೊಂಡರು. ನಾಲ್ಕು ವರ್ಷದ ಯುದ್ಧ, ಹಸಿವು, ಸೋಲು. ಅವರಿಗಾಗಿ ಬಂದೂಕು ಎತ್ತುವವರು ಯಾರೂ ಉಳಿದಿರಲಿಲ್ಲ.

ಹಾಗಾದ್ರೆ ಅರಮನೆ, ಕಾಡು, ಭೂಮಿ ಯಾರ ಪಾಲಾಯ್ತು?

ಪಟ್ಟ ಕಳೆದುಕೊಂಡದ್ದು ಒಂದು ತಿಂಗಳಲ್ಲಿ. ಆಸ್ತಿ ಲೆಕ್ಕ ಮಾತ್ರ ವರ್ಷಗಟ್ಟಲೆ ಎಳೆಯಿತು. ದೊರೆ ಕಟ್ಟಿಸಿದ ರಂಗಮಂದಿರ ಅವನ ಸ್ವಂತದ್ದೋ, ಸರ್ಕಾರದ್ದೋ? ಪ್ರಜೆಗಳ ತೆರಿಗೆಯಲ್ಲಿ ಕೊಂಡ ಚಿತ್ರ ಯಾರದ್ದು? ನೂರಾರು ವರ್ಷ ಈ ಪ್ರಶ್ನೆಯನ್ನೇ ಯಾರೂ ಕೇಳಿರಲಿಲ್ಲ.

ಕಮ್ಯುನಿಸ್ಟರು, ಸೋಶಿಯಲ್ ಡೆಮಾಕ್ರಟರು ಸೇರಿ ಪರಿಹಾರವಿಲ್ಲದೆ ಎಲ್ಲವನ್ನೂ ವಶಪಡಿಸಿಕೊಳ್ಳಬೇಕು ಅಂದರು. 1926ರ ಜೂನ್ 20ರಂದು ಜನಮತ ನಡೆಯಿತು. ಸುಮಾರು ಒಂದು ಕೋಟಿ 44 ಲಕ್ಷ ಜನ ಹೌದು ಅಂದರು. ವಿರೋಧಿಗಳು ಮತಗಟ್ಟೆಗೇ ಹೋಗಬೇಡಿ ಅಂದಿದ್ದರಿಂದ ಇಲ್ಲ ಅಂದವರು ಆರು ಲಕ್ಷದ ಹತ್ತಿರ ಮಾತ್ರ. ಆದರೂ ಸೋತಿತು. ಒಟ್ಟು ಮತದಾರರಲ್ಲಿ ಅರ್ಧ ಜನ ಒಪ್ಪಬೇಕಿತ್ತು, ಒಪ್ಪಿದ್ದು 36 ಶೇಕಡಾ ಚಿಲ್ಲರೆ. ಆಮೇಲೆ ಒಂದೊಂದು ರಾಜ್ಯ ಒಂದೊಂದು ಮನೆತನದ ಜೊತೆ ಬೇರೆ ಬೇರೆ ಒಪ್ಪಂದ ಮಾಡಿಕೊಂಡಿತು.

ಬವೇರಿಯಾ ಇದಕ್ಕೂ ಮೊದಲೇ, 1923ರಲ್ಲಿ, ಒಂದು ನಿಧಿ ಮಾಡಿ ಬಗೆಹರಿಸಿತ್ತು. ನಿಧಿಯ ಆದಾಯ ಮನೆತನಕ್ಕೆ, ಕಲಾಕೃತಿಗಳು ಜನ ನೋಡುವ ಮ್ಯೂಸಿಯಂಗಳಲ್ಲಿ. ಪ್ರವಾಸಕ್ಕೆ ಹೋದವರು ಇದನ್ನು ಕಣ್ಣಾರೆ ನೋಡಬಹುದು. ಒಂದೇ ಊರಿನಲ್ಲಿ ಎದುರುಬದುರು ಎರಡು ಕೋಟೆಗಳಿವೆ. ನೊಯ್‌ಶ್ವಾನ್‌ಸ್ಟೈನ್ ಸರ್ಕಾರದ್ದು, ಹೋಹೆನ್‌ಶ್ವಾಂಗೌ ಈ ನಿಧಿಯದು. ನಮ್ಮಲ್ಲಿ 1971ರಲ್ಲಿ ರಾಜಧನ ನಿಂತ ಮೇಲೂ ಅರಮನೆಗಳ ವ್ಯಾಜ್ಯ ಮುಗಿಯದೆ ಎಳೆದದ್ದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ.

ಹೆಸರಲ್ಲಿ ಪ್ರಿನ್ಸ್ ಅಂತ ಇದ್ದರೆ ಆತ ರಾಜಕುಮಾರ ಅಲ್ವಾ?

ಅಲ್ಲ. ಹೊಸ ಗಣರಾಜ್ಯದ 1919ರ ವೈಮಾರ್ ಸಂವಿಧಾನದ 109ನೇ ವಿಧಿ ಪದವಿಗಳನ್ನು ರದ್ದು ಮಾಡಿತು, ಆದರೆ ಅವು ಹೆಸರಿನ ಭಾಗವಾಗಿ ಉಳಿಯಬಹುದು ಅಂದಿತು. ಹಾಗಾಗಿ ಪ್ರಿನ್ಸ್ ಅನ್ನುವುದು ಈಗ ಪಾಟೀಲ, ದೇಸಾಯಿ ಇದ್ದ ಹಾಗೆ ಮನೆತನದ ಹೆಸರು. ಹೆಂಗಸಾದರೆ ಪ್ರಿನ್ಸೆಸಿನ್ ಅಂತ ಬದಲಾಗುತ್ತದೆ. ಆಸ್ಟ್ರಿಯಾ ಇನ್ನೂ ಕಟ್ಟುನಿಟ್ಟು, ಅಲ್ಲಿ ಹೆಸರಿನಲ್ಲಿ ದೊಡ್ಡ ಮನೆತನದ ಗುರುತಾದ 'ಫಾನ್' ಕೂಡ ಇರಬಾರದು. ಕೊನೆಯ ಚಕ್ರವರ್ತಿಯ ಮಗ ಒಟ್ಟೊ ಜರ್ಮನಿಯಲ್ಲಿ ಫಾನ್ ಹ್ಯಾಬ್ಸ್‌ಬರ್ಗ್, ಆಸ್ಟ್ರಿಯಾದಲ್ಲಿ ಬರೀ ಹ್ಯಾಬ್ಸ್‌ಬರ್ಗ್-ಲೋತ್ರಿಂಗನ್.

ಹೆಸರು ಅಂದಮೇಲೆ ದತ್ತು ತೆಗೆದುಕೊಂಡರೆ ಅದೂ ಬರುತ್ತದೆ. ವಯಸ್ಸಾದ ರಾಜಕುಮಾರಿಯರು ದೊಡ್ಡ ವಯಸ್ಸಿನವರನ್ನು ದತ್ತು ತೆಗೆದುಕೊಂಡು ಹೆಸರು ಕೊಟ್ಟ ಉದಾಹರಣೆಗಳಿವೆ. ಕಾನೂನಿಗೆ ಅವರು ಸರಿ. ಹಳೆಯ ಮನೆತನಗಳು ಮಾತ್ರ ಅವರನ್ನು ವಂಶದಲ್ಲಿ ಎಣಿಸುವುದಿಲ್ಲ.

ಟ್ಯಾಕ್ಸಿ ಅನ್ನೋ ಪದ ತಾಕ್ಸಿಸ್ ಮನೆತನದಿಂದ ಬಂತಂತೆ?

ಇಲ್ಲ. ಅದು ಬಾಡಿಗೆ ಅಳೆಯುವ ಟ್ಯಾಕ್ಸಿಮೀಟರ್‌ನಿಂದ ಬಂದ ಪದ. ಆದರೆ ತೂರ್ನ್ ಉಂಟ್ ತಾಕ್ಸಿಸ್ ಮನೆಯವರ ನಿಜವಾದ ಕಥೆಯೂ ಕಡಿಮೆಯಲ್ಲ. 1490ರಿಂದ ಅಂಚೆ ನಡೆಸಿ, ಬರೀ ಪತ್ರ ಸಾಗಿಸಿಯೇ ದೊರೆಗಳಾದವರು. 1867ರಲ್ಲಿ ಪ್ರಷ್ಯಾ ಅಂಚೆಯನ್ನು ತೆಗೆದುಕೊಂಡಿತು. ರೆಗೆನ್ಸ್‌ಬುರ್ಗ್‌ನ ಅರಮನೆ ಈಗಲೂ ಅವರದೇ.

ಹಿಟ್ಲರ್ ಕಾಲದಲ್ಲಿ ಇವರೆಲ್ಲ ಯಾವ ಕಡೆ ಇದ್ದರು?

ಒಂದೇ ಕಡೆ ಇರಲಿಲ್ಲ. ಆದರೆ ನಾಜಿಗಳ ಜೊತೆ ಹೋದವರು ಬಹಳ ಜನ ಇದ್ದರು ಅನ್ನುವುದನ್ನು ಮುಚ್ಚಿಡಬಾರದು. ಕೈಸರನ ಮಗ ಆಗಸ್ಟ್ ವಿಲ್ಹೆಲ್ಮ್ ಪಕ್ಷದ ಸಮವಸ್ತ್ರ ತೊಟ್ಟು ಪ್ರಚಾರ ಮಾಡಿದ. ವಿಕ್ಟೋರಿಯಾಳ ಮೊಮ್ಮಗ, ಕೋಬರ್ಗ್‌ನ ಕಾರ್ಲ್ ಎಡ್ವರ್ಡ್ ಆ ಕಾಲದ ಜರ್ಮನ್ ರೆಡ್ ಕ್ರಾಸ್‌ನ ಅಧ್ಯಕ್ಷನಾಗಿದ್ದ.

ಹೆಸ್ಸೆ ಮನೆಯ ಆ ಕಾಲದ ರಾಜಕುಮಾರ, ಇನ್ನೊಬ್ಬ ಫಿಲಿಪ್‌ನ ಕಥೆ ಬೇರೆ ಥರ. ಪಕ್ಷದಲ್ಲಿ ಮೇಲೇರಿ ಪ್ರಾಂತ್ಯದ ಮುಖ್ಯಸ್ಥನಾದ. ಹೆಂಡತಿ ಮಫಾಲ್ಡಾ ಇಟಲಿಯ ರಾಜನ ಮಗಳು. 1943ರಲ್ಲಿ ಇಟಲಿ ಯುದ್ಧದಲ್ಲಿ ಪಾಳಯ ಬದಲಿಸಿತು. ಹಿಟ್ಲರ್ ಇಬ್ಬರನ್ನೂ ಬಂಧಿಸಿದ. ಅವಳು 1944ರ ಆಗಸ್ಟ್‌ನಲ್ಲಿ ಬೂಖೆನ್‌ವಾಲ್ಡ್ ಶಿಬಿರದಲ್ಲಿ ಸತ್ತಳು. ಬವೇರಿಯಾದ ರಾಜಕುಮಾರ ರೂಪ್ರೆಖ್ಟ್ ಮಾತ್ರ ಮೊದಲಿನಿಂದ ಹಿಟ್ಲರನಿಗೆ ಬಗ್ಗಲಿಲ್ಲ. ಅವನ ಮನೆಯ ಮಕ್ಕಳನ್ನೂ ಸೇರಿಸಿ ಯಾತನಾ ಶಿಬಿರಕ್ಕೆ ಹಾಕಿದರು. ಆಗ ಹನ್ನೊಂದರ ಹುಡುಗ ಫ್ರಾನ್ಸ್ ಮುಂದೆ ಆ ಮನೆಯ ಹಿರಿಯನಾದರು.

ಹಿಟ್ಲರನಿಗೂ ಇವರ ಮೇಲೆ ಅನುಮಾನ ಇದ್ದೇ ಇತ್ತು. 1940ರಲ್ಲಿ ಕೈಸರನ ಹಿರಿಯ ಮೊಮ್ಮಗ ಯುದ್ಧದಲ್ಲಿ ಸತ್ತಾಗ ಪಾಟ್ಸ್‌ಡಾಮ್‌ನಲ್ಲಿ ಶವಯಾತ್ರೆಗೆ ಜನಸಾಗರ ಬಂತು. ಆಮೇಲೆ ಅರಸು ಮನೆಯವರು ಯುದ್ಧರಂಗಕ್ಕೆ ಹೋಗಬಾರದು ಅಂತ ಆಜ್ಞೆ ಹೊರಟಿತು.

## ಆಳಕ್ಕೆ ಇಳಿಯುವವರಿಗೆ

ಹೋಹೆನ್‌ಜೋಲೆರ್ನ್ ಆಸ್ತಿ ಜಗಳ ಏನು? ಮುಗಿಯಿತಾ?

1945ರಲ್ಲಿ ಸೋವಿಯತ್ ಸೈನ್ಯದ ಹಿಡಿತದಲ್ಲಿದ್ದ ಪೂರ್ವ ಜರ್ಮನಿಯಲ್ಲಿ 100 ಹೆಕ್ಟೇರ್ ಮೀರಿದ ಜಮೀನನ್ನೆಲ್ಲ ಪರಿಹಾರವಿಲ್ಲದೆ ಕಿತ್ತುಕೊಂಡರು. ಕೈಸರನ ಮನೆತನದ ಆಸ್ತಿ ಬಹಳ ಅಲ್ಲೇ ಇತ್ತು. ಜರ್ಮನಿ ಒಂದಾದ ಮೇಲೆ 1994ರ ಕಾಯ್ದೆ ಹೀಗೆ ಕಳೆದುಕೊಂಡವರಿಗೆ ಸ್ವಲ್ಪ ಪರಿಹಾರ ಕೊಡಲು ಒಪ್ಪಿತು. ಒಂದು ಷರತ್ತು ಇತ್ತು: ನಾಜಿ ಆಡಳಿತಕ್ಕೆ ಗಣನೀಯ ಬೆಂಬಲ ಕೊಟ್ಟವರಿಗೆ ಇಲ್ಲ.

ಹಾಗಾಗಿ ವ್ಯಾಜ್ಯ ಬಂದು ನಿಂತದ್ದು ಕೈಸರನ ಹಿರಿಯ ಮಗ ವಿಲ್ಹೆಲ್ಮ್ ಮೇಲೆ. 1932ರಲ್ಲಿ ತನ್ನ ಮತ ಹಿಟ್ಲರನಿಗೆ ಅಂತ ಬಹಿರಂಗವಾಗಿ ಹೇಳಿದವನು ಅವನು. ಹಿಟ್ಲರ್ ಸರ್ಕಾರ 1933ರ ಮಾರ್ಚ್ 21ರಂದು ಪಾಟ್ಸ್‌ಡಾಮ್‌ನಲ್ಲಿ ನಡೆಸಿದ ಸಮಾರಂಭದಲ್ಲೂ ಕೂತಿದ್ದ. ಇದು ಗಣನೀಯವೋ ಅಲ್ಲವೋ ಅಂತ ಇತಿಹಾಸಕಾರರು ಎರಡು ಗುಂಪಾದರು. 2023ರ ಮಾರ್ಚ್‌ನಲ್ಲಿ ಮನೆತನದ ಈಗಿನ ಹಿರಿಯ ಮೊಕದ್ದಮೆ ಹಿಂದಕ್ಕೆ ಪಡೆದರು. 2025ರ ಮೇ ತಿಂಗಳಲ್ಲಿ ಸರ್ಕಾರದ ಜೊತೆ ಒಪ್ಪಂದ ಪ್ರಕಟವಾಯಿತು. ಸುಮಾರು 27,000 ವಸ್ತುಗಳು ಮ್ಯೂಸಿಯಂಗಳಲ್ಲೇ ಉಳಿಯುತ್ತವೆ. ನನಗೆ ಇದು ಸರಿ ಅನ್ನಿಸಿತು. ನೂರು ವರ್ಷದಿಂದ ಜನ ನೋಡುತ್ತಿದ್ದ ಚಿತ್ರಗಳನ್ನು ಗೋಡೆಯಿಂದ ಇಳಿಸುವ ಭಯ ತಪ್ಪಿತು.

ಪಟ್ಟವೇ ಇಲ್ಲ ಅಂದಮೇಲೆ ಮನೆತನದ ಮುಖ್ಯಸ್ಥ ಯಾರು ಅಂತ ಯಾರು ತೀರ್ಮಾನಿಸ್ತಾರೆ?

ಕುಟುಂಬವೇ. ಪ್ರತಿ ಮನೆಗೂ ಹಳೆಯ ಮನೆ ಕಾನೂನು ಇತ್ತು. ಈಗ ಅದಕ್ಕೆ ಸರ್ಕಾರದ ಬಲ ಇಲ್ಲ. ಆಸ್ತಿಯ ಪ್ರಶ್ನೆ ಬಂದರೆ ಸಾಮಾನ್ಯ ನ್ಯಾಯಾಲಯವೇ ಗತಿ. ಸಮಾನರನ್ನು ಮದುವೆಯಾಗದಿದ್ದರೆ ಆಸ್ತಿ ಇಲ್ಲ ಅನ್ನುವ ಹೋಹೆನ್‌ಜೋಲೆರ್ನ್ ಷರತ್ತು ಸಂವಿಧಾನ ನ್ಯಾಯಾಲಯದ ತನಕ ಹೋಯಿತು. ಇಷ್ಟಪಟ್ಟವರನ್ನು ಮದುವೆಯಾಗುವ ಸ್ವಾತಂತ್ರ್ಯವನ್ನು ಕೆಳಗಿನ ನ್ಯಾಯಾಲಯಗಳು ಸರಿಯಾಗಿ ತೂಗಿಲ್ಲ ಅಂತ 2004ರಲ್ಲಿ ತೀರ್ಪು ಬಂತು.

ಆ ಹಳೆಯ ಸಾಮ್ರಾಜ್ಯದ ಒಂದಾದರೂ ಮನೆ ಈಗಲೂ ಆಳುತ್ತಿದೆಯಾ?

ಲಿಕ್ಟೆನ್‌ಸ್ಟೈನ್. 160 ಚದರ ಕಿಲೋಮೀಟರ್ ನಾಡು. ವಿಯೆನ್ನಾದ ಕಡೆ ಶ್ರೀಮಂತರಾಗಿದ್ದ ಈ ಮನೆಯವರಿಗೆ ಸಾಮ್ರಾಜ್ಯದ ಸಭೆಯಲ್ಲಿ ಕೂರಲು ಚಕ್ರವರ್ತಿಗೆ ನೇರ ಅಧೀನವಾದ ಸೀಮೆ ಬೇಕಿತ್ತು. ಅದಕ್ಕೇ 1699ರಲ್ಲಿ ಶೆಲ್ಲೆನ್‌ಬರ್ಗ್, 1712ರಲ್ಲಿ ವಾಡುಟ್ಸ್ ಕೊಂಡರು. 1719ರಲ್ಲಿ ಸಂಸ್ಥಾನವಾಯಿತು. ದೊರೆ ಅಲ್ಲಿಗೆ ಬಂದು ನೆಲೆಸಿದ್ದು 1938ರಲ್ಲಿ! ಕುರ್ಚಿಗಾಗಿ ಕೊಂಡ ನಾಡೇ ಕೊನೆಗೆ ಉಳಿಯಿತು.

ಲಕ್ಸೆಂಬರ್ಗ್ ಇನ್ನೊಂದು. 1866ರಲ್ಲಿ ಪ್ರಷ್ಯಾಕ್ಕೆ ನಾಡು ಕಳೆದುಕೊಂಡ ನಾಸೌ ಡ್ಯೂಕ್ ಆಡಾಲ್ಫ್‌ಗೆ 1890ರಲ್ಲಿ ಆ ಪಟ್ಟ ಸಿಕ್ಕಿತು.

ನಾನೇ ರಾಜಕುಮಾರ ಅಂತ ಬಂದವರನ್ನು ಡಿಎನ್‌ಎ ಹೇಗೆ ಪರೀಕ್ಷಿಸಿತು?

ತಾಯಿಯಿಂದ ಮಕ್ಕಳಿಗೆ ಬರುವ ಮೈಟೋಕಾಂಡ್ರಿಯಾ ಡಿಎನ್‌ಎ ತಲೆಮಾರುಗಳ ತನಕ ಹೆಚ್ಚು ಬದಲಾಗುವುದಿಲ್ಲ. ಅರಸು ಮನೆಗಳ ತಾಯಿ ಕಡೆಯ ವಂಶಾವಳಿ ಅಚ್ಚುಕಟ್ಟಾಗಿ ಬರೆದಿಟ್ಟಿರುವುದರಿಂದ ಹೋಲಿಸಲು ಯಾರನ್ನು ಕೇಳಬೇಕು ಅನ್ನುವುದು ಗೊತ್ತಾಗುತ್ತದೆ.

ರಷ್ಯಾದ ಕೊನೆಯ ರಾಣಿ ಹೆಸ್ಸೆಯ ಹೆಣ್ಣುಮಗಳು. 1991ರಲ್ಲಿ ಯೆಕಟೆರಿನ್‌ಬರ್ಗ್ ಹತ್ತಿರ ಅಗೆದು ತೆಗೆದ ಮೂಳೆಗಳು ಅವಳದ್ದೇ ಅಂತ ಹೇಳಲು ನೆರವಾದದ್ದು ಬ್ರಿಟನ್ನಿನ ಫಿಲಿಪ್ ಕೊಟ್ಟ ರಕ್ತ. ಫಿಲಿಪ್‌ನ ತಾಯಿಯ ತಾಯಿ ಆ ರಾಣಿಯ ಸ್ವಂತ ಅಕ್ಕ. ತಾನೇ ಆ ರಾಣಿಯ ಮಗಳು ಅನಸ್ತಾಸಿಯಾ ಅಂತ ದಶಕಗಟ್ಟಲೆ ವಾದಿಸಿದ ಆನಾ ಆಂಡರ್ಸನ್ ಆಕೆಯಲ್ಲ ಅಂತ 1994ರಲ್ಲಿ ತೀರ್ಮಾನವಾಯಿತು.

ಕಾಸ್ಪರ್ ಹೌಸರ್ ಕಥೆ ಇದಕ್ಕಿಂತ ಹಳೆಯದು. 1828ರ ಮೇನಲ್ಲಿ ನ್ಯುರೆಂಬರ್ಗ್ ಬೀದಿಯಲ್ಲಿ ಸರಿಯಾಗಿ ಮಾತೂ ಬಾರದ ಹುಡುಗನೊಬ್ಬ ಕಾಣಿಸಿಕೊಂಡ. ಬಾಡೆನ್ ಅರಮನೆಯಿಂದ ಕದ್ದ ಕೂಸು ಇವನೇ ಅಂತ ಸುದ್ದಿ ಹಬ್ಬಿತು. ಐದು ವರ್ಷಕ್ಕೆ ಇರಿತದ ಗಾಯದಿಂದ ಸತ್ತ. 1996ರ ಪರೀಕ್ಷೆ ಅಲ್ಲ ಅಂದಿತು, 2002ರದ್ದು ಇರಬಹುದೇನೋ ಅನ್ನುವ ಹಾಗೆ ಬಂತು. 2024ರಲ್ಲಿ ಅವನ ಕೂದಲನ್ನು ಹೊಸ ವಿಧಾನದಲ್ಲಿ ನೋಡಿದಾಗ ಬಾಡೆನ್ ಮನೆಯ ತಾಯಿ ಕಡೆಗೆ ಹೊಂದಲೇ ಇಲ್ಲ. ಹಾಗಾದರೆ ಅವನು ಯಾರ ಮಗ? ಅದು ಇವತ್ತಿಗೂ ಗೊತ್ತಿಲ್ಲ.

ಒಂದು ಮನೆತನದ ವಂಶಾವಳಿ ಸರಿಯಾಗಿ ಹುಡುಕೋದು ಎಲ್ಲಿಂದ ಶುರು ಮಾಡಲಿ?

ಗೋಟಾ ಊರಿನಲ್ಲಿ 1763ರಿಂದ 1944ರವರೆಗೆ ಅಚ್ಚಾದ ವಾರ್ಷಿಕ ಪಂಚಾಂಗದಿಂದ. ಜನ ಅದನ್ನು ಸುಮ್ನೆ 'ಗೋಟಾ' ಅನ್ನುತ್ತಾರೆ. ಅದರ ಮೊದಲ ಭಾಗದಲ್ಲಿ ಆಳುವ ಮನೆಗಳು, ಎರಡರಲ್ಲಿ 1806ರ ಹೊತ್ತಿಗೆ ಆಳ್ವಿಕೆ ಕಳೆದುಕೊಂಡವು, ಮೂರರಲ್ಲಿ ಬರೀ ಪದವಿ ಇದ್ದವು. ಯಾವ ಭಾಗದಲ್ಲಿ ಹೆಸರಿದೆ ಅನ್ನುವುದರ ಮೇಲೆ ಮದುವೆ ಮಾತುಕತೆಯೇ ನಿಲ್ಲುತ್ತಿತ್ತು. ಹಳೆಯ ಸಂಚಿಕೆಗಳು ದೊಡ್ಡ ಗ್ರಂಥಾಲಯಗಳ ಅಂತರ್ಜಾಲ ಸಂಗ್ರಹಗಳಲ್ಲಿ ಸಿಗುತ್ತವೆ.

ಪೂರ್ವಜರಿಗೆ ಅಂಕಿ ಹಾಕಲು ಕೆಕುಲೆ ಪದ್ಧತಿ ಸುಲಭ. ನೀವು 1, ಅಪ್ಪ 2, ಅಮ್ಮ 3. ಯಾರ ಅಂಕಿಯನ್ನಾದರೂ ಎರಡರಿಂದ ಗುಣಿಸಿದರೆ ಅವರ ಅಪ್ಪ, ಅದಕ್ಕೆ ಒಂದು ಕೂಡಿಸಿದರೆ ಅಮ್ಮ. ಈ ಲೆಕ್ಕದಲ್ಲಿ ಅರಸು ಮನೆಗಳನ್ನು ಬರೆಯುತ್ತ ಹೋದರೆ ಒಬ್ಬನೇ ಮನುಷ್ಯ ಎರಡು ಮೂರು ಅಂಕಿಯಲ್ಲಿ ಬರುತ್ತಾನೆ. ತಪ್ಪಾಯಿತು ಅಂದುಕೊಳ್ಳಬೇಡಿ. ದಾಯಾದಿಗಳಲ್ಲೇ ಮದುವೆಯಾದದ್ದು ಹಾಗೆ ಕಾಣುತ್ತದೆ.

ಅಚ್ಚಾದದ್ದನ್ನು ಮೂಲ ದಾಖಲೆಗೆ ಹೋಲಿಸಬೇಕು ಅಂದರೆ ಚರ್ಚ್ ದಾಖಲೆ ಪುಸ್ತಕಗಳು, ಬರ್ಲಿನ್-ಡಾಲೆಮ್‌ನ ಪ್ರಷ್ಯನ್ ಪತ್ರಾಗಾರ, ಮ್ಯೂನಿಕ್‌ನ ವಿಟೆಲ್ಸ್‌ಬಾಖ್ ಮನೆತನದ ಪತ್ರಾಗಾರ ಇವೆ. ಹೋಗುವ ಮೊದಲು ಕುರೆಂಟ್ ಲಿಪಿ ಕಲಿಯಿರಿ. ಹಳೆಯ ಜರ್ಮನ್ ಕೈಬರಹ ಅದು, ಈಗಿನ ಜರ್ಮನ್ನರಿಗೇ ಓದಲು ಬರುವುದಿಲ್ಲ. ಮೋಡಿ ಲಿಪಿಯ ಕಾಗದ ಓದಿದವರಿಗೆ ಆ ಕಷ್ಟ ಗೊತ್ತು. ದಿನಕ್ಕೆ ಅರ್ಧ ಗಂಟೆ ಕೂತರೆ ಕೆಲವು ತಿಂಗಳಲ್ಲಿ ಹೆಸರು, ತಾರೀಖು, ಊರು ಗುರುತಿಸುವಷ್ಟು ಬರುತ್ತದೆ. ಸಹಿಗಳನ್ನು ಕೊನೆಗೆ ಇಟ್ಟುಕೊಳ್ಳಿ, ಅವು ಎಲ್ಲಕ್ಕಿಂತ ಕಷ್ಟ.